ಉಷ್ಣಕ್ಕೆ ಬೆಲೆ ಕಟ್ಟಿದವನು: ಜೇಮ್ಸ್ ಪ್ರೆಸ್ಕಾಟ್ ಜೂಲ್

ಕನ್ನಡದ ಅಧ್ಯಾಪಕನೊಬ್ಬನು ಭೌತವಿಜ್ಞಾನಿಯ ಚರಿತ್ರೆಯನ್ನು ಬರೆಯಹೊರಟರೆ ಅದು ಅಧಿಕಪ್ರಸಂಗವೆನಿಸುವುದು ಸಹಜ. ಪಂಪ ರನ್ನರನ್ನು ಬಿಟ್ಟು ಇವನಿಗೇಕೆ ಈ ಉಸಾಬರಿ ಎಂದು ವಾಚಕರು ಕೇಳಬಹುದು. ನಾನು ಮಾಡಿದ ಒಂದು ತಪ್ಪೇ ಇದಕ್ಕೆ ಕಾರಣ. ಮೊದಲು ಅದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನಮ್ಮ ಚಿಕ್ಕೋಡಿ ಸೀಮೆಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಕೆಲವರು ಅಧ್ಯಾಪಕ ಮಿತ್ರರು ಕೂಡಿ ಭೌತವಿಜ್ಞಾನದ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆದರು. ಕರಡಚ್ಚು ತಿದ್ದುವ ಭಾರ ನನ್ನ ಪಾಲಿಗೆ ಬಂದಿತು. ಅದರಲ್ಲಿ ವಿಶಿಷ್ಟೋಷ್ಣದ ಒಂದು ಕೋಷ್ಟಕವಿತ್ತು. ಒಂದು ಪದಾರ್ಥದ ನಿರ್ದಿಷ್ಟ ತೂಕವನ್ನು ಒಂದು ಡಿಗ್ರಿ ಕಾಯಿಸಲು ಎಷ್ಟು ಉಷ್ಣ ಬೇಕೋ ಅದು ಆ ಪದಾರ್ಥದ ವಿಶಿಷ್ಟೋಷ್ಣ. ಕೋಷ್ಟಕದಲ್ಲಿ ನೀರಿಗೆ 4186 ಎಂದೂ ಕಬ್ಬಿಣಕ್ಕೆ 460 ಎಂದೂ ತಾಮ್ರಕ್ಕೆ 385 ಎಂದೂ ಇತ್ತು. ಆದರೆ ಹಿಂದಿನ ಅಧ್ಯಾಯದಲ್ಲಿ ನೀರಿನ ವಿಶಿಷ್ಟೋಷ್ಣ 1 ಎಂದು ಸ್ಪಷ್ಟವಾಗಿ ಬರೆದಿತ್ತು. ಒಂದೇ ಪುಸ್ತಕದಲ್ಲಿ ಒಂದೇ ವಸ್ತುವಿಗೆ ಎರಡು ಬೆಲೆ! ಅಚ್ಚುಮೊಳೆ ಜೋಡಿಸಿದವರ ಪ್ರಮಾದವೆಂದು ಬಗೆದು, ಯಾರನ್ನೂ ಕೇಳದೆ, 4186ನ್ನು ಹೊಡೆದುಹಾಕಿ 1 ಎಂದು ತಿದ್ದಿದೆ. ಪುಸ್ತಕ ಹಾಗೆಯೇ ಅಚ್ಚಾಯಿತು.

ನನ್ನ ಊರು ಕರೋಶಿ. ನನ್ನ ಅಕ್ಕನ ಮಗ ಅಲ್ಲಿಂದಲೇ ಕಾಲೇಜಿಗೆ ಹೋಗಿಬರುತ್ತಿದ್ದನು. ಸೋದರಮಾವನ ಹೆಸರು ಅಚ್ಚಾಗಿರುವ ಪುಸ್ತಕವೆಂದು ಅವನಿಗೆ ಆ ಕೈಪಿಡಿಯ ಮೇಲೆ ಎಲ್ಲಿಲ್ಲದ ವಿಶ್ವಾಸ. ಎರಡು ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಲು ಎಷ್ಟು ಜೂಲ್ ಉಷ್ಣ ಬೇಕೆಂಬ ಪ್ರಶ್ನೆಗೆ ಆತ ಪರೀಕ್ಷೆಯಲ್ಲಿ 100 ಎಂದು ಬರೆದು ಬಂದನು. ಸರಿಯಾದ ಉತ್ತರ 4,18,600. ಅವನು ನನ್ನೊಡನೆ ಜಗಳವಾಡಲಿಲ್ಲ. ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟು, ಜೂಲ್ ಎಂದರೆ ಏನೆಂದು ಮಾತ್ರ ಕೇಳಿದನು. ಅದು ಯಾರದೋ ಹೆಸರೆಂಬುದಕ್ಕಿಂತ ಹೆಚ್ಚಿನದೇನೂ ನನಗೆ ತಿಳಿದಿರಲಿಲ್ಲ. ನಾನು ತಿದ್ದಿದ ಕೋಷ್ಟಕವನ್ನು ನಂಬಿದರೆ ನೀರಿಗಿಂತ ಕಬ್ಬಿಣ ಕಾಯಲು ನಾನೂರ ಅರವತ್ತು ಪಟ್ಟು ಉಷ್ಣ ಬೇಕು. ಗಾಣದ ಮನೆಯಲ್ಲಿ ಕಬ್ಬಿಣದ ಸೌಟು ಮುಟ್ಟಿ ಕೈ ಸುಟ್ಟುಕೊಂಡ ಕರೋಶಿಯ ಯಾವ ಹುಡುಗನೂ ಇದನ್ನು ಒಪ್ಪಲಾರನು. ಆದರೂ ಅಚ್ಚಾದ ಅಕ್ಷರವನ್ನು ನನ್ನ ಅಳಿಯ ನಂಬಿದನು.

ಆ ಬಳಿಕ ನಾನು ಈ ಜೂಲ್ ಎಂಬಾತನ ಬೆನ್ನು ಹತ್ತಿದೆ. ಸುಮಾರು ಒಂದು ವರ್ಷ ಬಿಡುವಾದಾಗಲೆಲ್ಲ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ತಂದೆ ಬೆಂಜಮಿನ್ ಜೂಲ್ ಬಿಯರು ತಯಾರಿಸುವ ದೊಡ್ಡ ಭಟ್ಟಿಯ ಒಡೆಯ, ಅನುಕೂಲಸ್ಥ ಮನೆತನ. ಮಗನ ಬೆನ್ನುಹುರಿ ದುರ್ಬಲವಾಗಿತ್ತು, ದೇಹಪ್ರಕೃತಿ ನಾಜೂಕು. ಆದುದರಿಂದ ಅವನನ್ನು ಶಾಲೆಗೆ ಕಳಿಸಲಿಲ್ಲ, ಮನೆಯಲ್ಲಿಯೇ ಪಾಠವಾಯಿತು. ಜನರೊಡನೆ ಬೆರೆಯಲು ಅಂಜುವ, ಸಭೆಯಲ್ಲಿ ಗಂಟಲು ತೆರೆಯಲು ಸಂಕೋಚಪಡುವ ಸ್ವಭಾವ ಅವನಿಗೆ ಕೊನೆಯವರೆಗೂ ಉಳಿಯಿತು. ಆತ ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಲೇ ಇಲ್ಲ.

ಆದರೆ ಗುರುಭಾಗ್ಯವೊಂದು ಒದಗಿತು. 1834ರ ಸುಮಾರಿಗೆ ತಂದೆ ತನ್ನ ಇಬ್ಬರು ಗಂಡುಮಕ್ಕಳನ್ನು ಪಾಠಕ್ಕೆಂದು ಜಾನ್ ಡಾಲ್ಟನನ ಬಳಿಗೆ ಕಳಿಸಿದನು. ಪರಮಾಣುವಾದದ ಪ್ರವರ್ತಕನಾದ ಆ ಜಗತ್ಪ್ರಸಿದ್ಧ ಡಾಲ್ಟನನು ಮ್ಯಾಂಚೆಸ್ಟರಿನಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದನು. ಅಂಕಗಣಿತ, ಯೂಕ್ಲಿಡನ ರೇಖಾಗಣಿತ ಇವುಗಳಲ್ಲಿಯೇ ಎರಡು ವರ್ಷಗಳು ಕಳೆದವು. ರಸಾಯನಶಾಸ್ತ್ರಕ್ಕೆ ಬರುವ ಹೊತ್ತಿಗೆ, 1837ರಲ್ಲಿ, ಮುದುಕನಿಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಆದರೂ ಅಳೆದು ನೋಡದ ಹೊರತು ಯಾವುದನ್ನೂ ನಂಬಬಾರದೆಂಬ ಹಟವನ್ನು ಶಿಷ್ಯನು ಅಲ್ಲಿಂದ ತಂದನು.

ಅಳತೆಯ ಇನ್ನೊಂದು ಪಾಠಶಾಲೆ ತಂದೆಯ ಭಟ್ಟಿ. ಬಿಯರು ತೆಗೆಯುವಲ್ಲಿ ಧಾನ್ಯವನ್ನು ನೆನೆಸುವ ನೀರಿನ ಕಾವು ಒಂದೆರಡು ಡಿಗ್ರಿ ಏರುಪೇರಾದರೂ ಇಡೀ ಪಾಕ ಕೆಡುತ್ತದೆ. ನಮ್ಮ ಗಾಣದ ಮನೆಯಲ್ಲಿ ಬೆಲ್ಲದ ಪಾಕ ನೋಡುವವನಿಗೆ ಎಷ್ಟು ಮರ್ಯಾದೆಯೋ ಅಲ್ಲಿ ಉಷ್ಣಮಾಪಕ ಓದಬಲ್ಲವನಿಗೆ ಅಷ್ಟು ಮರ್ಯಾದೆ. ನಮ್ಮವನು ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆಗಟ್ಟಿ ನೋಡಿ, ಕೊಪ್ಪರಿಗೆಯನ್ನು ಇಳಿಸಲು ಹೇಳುತ್ತಾನೆ. ಜೂಲನ ಕೈಯಲ್ಲಿ ಪಾದರಸದ ಕೊಳವೆಯಿತ್ತು. ಕಸುಬುಗಾರನ ಈ ಕಣ್ಣು ಅವನಿಗೆ ಮುಂದೆ ಬಹಳ ಉಪಯೋಗಕ್ಕೆ ಬಂದಿತು. ಪಂಡಿತರಿಗೆ ಅದು ಬೇಗನೆ ಅರ್ಥವಾಗದ ಗುಣವೂ ಆಯಿತು.

ಹರೆಯದಲ್ಲಿ ಅವನಿಗೆ ವಿದ್ಯುತ್ತಿನ ಹುಚ್ಚು. ಅಣ್ಣತಮ್ಮಂದಿರು ಪರಸ್ಪರ ವಿದ್ಯುತ್ತಿನ ಹೊಡೆತ ಕೊಟ್ಟುಕೊಂಡು, ಮನೆಯ ಆಳುಗಳಿಗೂ ಕೊಟ್ಟು ಕೌತುಕಪಟ್ಟರೆಂದು ಕಥೆಗಳಿವೆ. ಆದರೆ 1838ರಲ್ಲಿ ತನ್ನ ಮೊದಲ ಲೇಖನವನ್ನು ಪ್ರಕಟಿಸಿದಾಗ ಅವನ ಮನಸ್ಸಿನಲ್ಲಿದ್ದುದು ಆಟವಲ್ಲ, ವ್ಯವಹಾರ: ಭಟ್ಟಿಯ ಉಗಿಯಂತ್ರವನ್ನು ತೆಗೆದುಹಾಕಿ ವಿದ್ಯುದ್ಯಂತ್ರವನ್ನು ಕೂಡಿಸಬಹುದೇ? ವಿದ್ಯುತ್ಕೋಶದಲ್ಲಿ ಒಂದು ಪೌಂಡು ಸತುವು ಕರಗಿದರೆ ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಬಹುದು, ಒಂದು ಪೌಂಡು ಕಲ್ಲಿದ್ದಲು ಉರಿದರೆ ಎಷ್ಟು, ಎಂದು ಲೆಕ್ಕ ಹಾಕಿದನು. ಕಲ್ಲಿದ್ದಲೇ ಅಗ್ಗವೆಂದು ತಿಳಿದುಬಂದಿತು. ವ್ಯವಹಾರ ಕೈಗೂಡಲಿಲ್ಲ, ಆದರೆ ಭಾರ, ಎತ್ತರ ಎಂಬ ಎರಡು ಅಳತೆಗಳಿಂದ ಪ್ರಕೃತಿಯ ಎಲ್ಲ ಶಕ್ತಿಗಳನ್ನೂ ತೂಗಬಹುದೆಂಬ ಯೋಚನೆ ಅಲ್ಲಿಯೇ ಮೊಳೆಯಿತು.

ತಂತಿಯಲ್ಲಿ ವಿದ್ಯುತ್ತು ಹರಿದಾಗ ತಂತಿ ಕಾಯುತ್ತದೆ. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟಾಗುತ್ತದೆಂದು ಜೂಲ್ 1840ರಲ್ಲಿ ಕಂಡುಹಿಡಿದನು. ಆಗ ಅವನಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಆ ಲೇಖನದ ಸಾರಾಂಶವನ್ನಷ್ಟೇ ಅಚ್ಚುಹಾಕಿ ಕೈತೊಳೆದುಕೊಂಡಿತು. ಇಂದು ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಸುರುಳಿ ಎಲ್ಲವೂ ನಡೆಯುವುದು ಆ ನಿಯಮದ ಮೇಲೆಯೇ.

ಇಲ್ಲಿ ಆ ಕಾಲದ ನಂಬಿಕೆಯೊಂದನ್ನು ಹೇಳಬೇಕು. ಉಷ್ಣವೆಂಬುದು ತೂಕವಿಲ್ಲದ ಒಂದು ದ್ರವ. ಅದು ಬಿಸಿಯಾದ ವಸ್ತುವಿನಿಂದ ತಂಪಾದ ವಸ್ತುವಿಗೆ ಹರಿಯುತ್ತದೆ. ಹೊಸದಾಗಿ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ ಎಂದು ವಿದ್ವಾಂಸರು ತಿಳಿದಿದ್ದರು. ಇದನ್ನು ಅಣಕಿಸುವಷ್ಟು ಹಗುರಾದ ಮತವೇನೂ ಅದಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ವಿಶಿಷ್ಟೋಷ್ಣದ ಕಲ್ಪನೆಯನ್ನು ಬೆಳೆಸಿದಾಗ ಒಂದೊಂದು ವಸ್ತುವೂ ಉಷ್ಣವನ್ನು ತುಂಬಿಟ್ಟುಕೊಳ್ಳುವ ಒಂದೊಂದು ಪಾತ್ರೆಯೆಂಬ ಚಿತ್ರ ಪಂಡಿತರಿಗೆ ಚೆನ್ನಾಗಿ ಒಪ್ಪಿತು. ನೀರಿನ ಪಾತ್ರೆ ದೊಡ್ಡದು, ತಾಮ್ರದ್ದು ಚಿಕ್ಕದು. ನೀರಿನದನ್ನು 1 ಎಂದಿಟ್ಟುಕೊಂಡರೆ ತಾಮ್ರದ್ದು ಸುಮಾರು 0.092. ಲೆಕ್ಕಕ್ಕೆ ಇಷ್ಟು ಸಾಕಾಗುತ್ತಿತ್ತು. 1798ರಲ್ಲಿ ಮ್ಯೂನಿಕ್‌ನ ಫಿರಂಗಿ ಕಾರ್ಖಾನೆಯಲ್ಲಿ ಕೌಂಟ್ ರಮ್‌ಫರ್ಡ್ ಎಂಬಾತನು ಬೈರಿಗೆಯ ಉಜ್ಜಾಟದಿಂದ ಕೊನೆಯಿಲ್ಲದಷ್ಟು ಉಷ್ಣ ಹೊರಡುವುದನ್ನು ತೋರಿಸಿ, ಇದು ದ್ರವವಾಗಿರಲಾರದೆಂದು ವಾದಿಸಿದ್ದುಂಟು. ಆದರೆ ಒಂದು ನಿರ್ದಿಷ್ಟ ಕೆಲಸಕ್ಕೆ ಇಷ್ಟೇ ಉಷ್ಣವೆಂಬ ವಿನಿಮಯದ ದರವನ್ನು ಯಾರೂ ಖಚಿತವಾಗಿ ಗೊತ್ತುಮಾಡಿರಲಿಲ್ಲ.

ಜೂಲ್ ಗೊತ್ತುಮಾಡಹೊರಟಿದ್ದು ಆ ದರವನ್ನು. 1843ರ ಆಗಸ್ಟ್ ತಿಂಗಳಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಅಧಿವೇಶನ ಸೇರಿತ್ತು. ಒಂದು ಪೌಂಡು ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಾಯಿಸುವ ಉಷ್ಣವು 838 ಪೌಂಡು ಭಾರವನ್ನು ಒಂದು ಅಡಿ ಎತ್ತುವ ಕೆಲಸಕ್ಕೆ ಸಮವೆಂದು ಆತ ಅಲ್ಲಿ ಓದಿದನು. ಯಾರೂ ಪ್ರತಿಭಟಿಸಲಿಲ್ಲ, ಯಾರೂ ಮೆಚ್ಚಲೂ ಇಲ್ಲ. ಸಭೆ ಸುಮ್ಮನಿತ್ತು. ವಿದ್ವತ್ಸಭೆಗಳಲ್ಲಿ ಪ್ರಬಂಧ ಓದಿದ ಅನುಭವವಿರುವ ನನ್ನಂಥವರಿಗೆ ಆ ಮೌನದ ಪರಿಚಯ ಚೆನ್ನಾಗಿದೆ.

ಸುಮ್ಮನಿರಲು ಕಾರಣವೂ ಇತ್ತೆಂದು ನ್ಯಾಯವಾಗಿ ಹೇಳಬೇಕು. ಅವನ ಸಂಖ್ಯೆಯೇ ಒಂದೆಡೆ ನಿಲ್ಲುತ್ತಿರಲಿಲ್ಲ. ವಿದ್ಯುದ್ಯಂತ್ರದಿಂದ 838 ಬಂದರೆ, ಸಣ್ಣ ರಂಧ್ರಗಳಲ್ಲಿ ನೀರನ್ನು ನುಗ್ಗಿಸಿದಾಗ 770 ಬಂದಿತು. ಗಾಳಿಯನ್ನು ಒತ್ತಿ ಕುಗ್ಗಿಸಿದಾಗ 798. 1845ರಲ್ಲಿ ನೀರನ್ನು ರೆಕ್ಕೆಗಳಿಂದ ಕಡೆದಾಗ 890. ಗಾಳಿಯ ಪ್ರಯೋಗದ ಲೇಖನವನ್ನು ರಾಯಲ್ ಸೊಸೈಟಿ ತನ್ನ ಮುಖ್ಯ ಪತ್ರಿಕೆಗೆ ತೆಗೆದುಕೊಳ್ಳಲಿಲ್ಲ. ಬೇರೊಬ್ಬನಾಗಿದ್ದರೆ ಇಷ್ಟು ಚದುರಿದ ಸಂಖ್ಯೆಗಳನ್ನು ಕಂಡು ತನ್ನ ಸಿದ್ಧಾಂತವನ್ನೇ ಸಂಶಯಿಸುತ್ತಿದ್ದನು. ಜೂಲ್ ತನ್ನ ಉಪಕರಣವನ್ನು ಸಂಶಯಿಸಿದನು.

1847ರ ಏಪ್ರಿಲ್ 28ರಂದು ಮ್ಯಾಂಚೆಸ್ಟರಿನ ಸೇಂಟ್ ಆ್ಯನ್ಸ್ ಚರ್ಚಿನ ವಾಚನಾಲಯದಲ್ಲಿ ಜನಸಾಮಾನ್ಯರಿಗಾಗಿ ಆತ ಉಪನ್ಯಾಸವೊಂದನ್ನು ಮಾಡಿದನು. ಶಕ್ತಿ ಎಲ್ಲಿಯೂ ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬ ತತ್ತ್ವವನ್ನು ಮೊದಲ ಬಾರಿಗೆ ಪೂರ್ಣವಾಗಿ ವಿವರಿಸಿದನು. ಅದನ್ನು ಯಾವ ವಿದ್ವತ್ಪತ್ರಿಕೆಯೂ ಪ್ರಕಟಿಸಲಿಲ್ಲ. ಸ್ಥಳೀಯ ಪತ್ರಿಕೆಗಳಲ್ಲಿ ಒಂದು ನಿರಾಕರಿಸಿತು. ಅಣ್ಣನ ಪರಿಚಯವಿದ್ದ ಮ್ಯಾಂಚೆಸ್ಟರ್ ಕೂರಿಯರ್ ಎಂಬ ವೃತ್ತಪತ್ರಿಕೆ ಪೂರ್ತಿಯಾಗಿ ಅಚ್ಚುಹಾಕಿತು. ಪತ್ರಿಕೆಗಳ ವಾರದ ಪುರವಣಿಗೆ ಬರೆಯುವ ನಮ್ಮಂಥವರು ಈ ಸಂಗತಿಯನ್ನು ತುಸು ಹೆಮ್ಮೆಯಿಂದ ನೆನೆದರೆ ತಪ್ಪಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮತ್ತೆ ಅಧಿವೇಶನ. ಸಮಯವಿಲ್ಲವೆಂದು ಅಧ್ಯಕ್ಷನು ಪ್ರಬಂಧವನ್ನು ಓದಗೊಡದೆ ಬಾಯಿಮಾತಿನಲ್ಲಿ ಸಂಕ್ಷೇಪವಾಗಿ ಹೇಳಿ ಮುಗಿಸಲು ಸೂಚಿಸಿದನು. ಅದೂ ಮೌನದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಸಭೆಯಲ್ಲಿದ್ದ ಇಪ್ಪತ್ತಮೂರರ ಆಸುಪಾಸಿನ ಪ್ರಾಧ್ಯಾಪಕನೊಬ್ಬನು ಆಸಕ್ತಿಯಿಂದ ಚರ್ಚೆಗೆ ತೊಡಗಿದನು. ಅವನೇ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಲೋಕವೆಲ್ಲ ಬಲ್ಲಾತ. ಥಾಮ್ಸನನಿಗೆ ಮೊದಲು ಜೂಲನ ಮಾತಿನಲ್ಲಿ ನಂಬಿಕೆ ಹುಟ್ಟಲಿಲ್ಲ. ಆದರೆ ಮನಸ್ಸಿನಿಂದ ತಳ್ಳಿಹಾಕಲೂ ಆಗಲಿಲ್ಲ.

ಆ ಆಗಸ್ಟಿನಲ್ಲಿ ಜೂಲ್ ಅಮೀಲಿಯಾ ಗ್ರೈಮ್ಸ್ ಎಂಬಾಕೆಯನ್ನು ವಿವಾಹವಾಗಿ ಆಲ್ಪ್ಸ್ ಪರ್ವತಗಳ ಕಡೆಗೆ ಹೋದನು. ಅಲ್ಲಿ ತಿರುಗಾಡುತ್ತಿದ್ದ ಥಾಮ್ಸನನಿಗೆ ದಾರಿಯಲ್ಲಿ ಎದುರಾದನಂತೆ. ಕೈಯಲ್ಲಿ ಉದ್ದನೆಯ ಉಷ್ಣಮಾಪಕ. ಮೇಲಿನಿಂದ ಬಿದ್ದ ನೀರು ತಳದಲ್ಲಿ ತುಸು ಬಿಸಿಯಾಗಿರಬೇಕೆಂಬುದು ಅವನ ಲೆಕ್ಕ. ಜಲಪಾತಗಳನ್ನು ಅಳೆಯುವ ಹಂಬಲ. ಈ ಕಥೆಯನ್ನು ಹೇಳಿದವನು ವೃದ್ಧಾಪ್ಯದಲ್ಲಿದ್ದ ಥಾಮ್ಸನನೇ ಆದುದರಿಂದ ಉಷ್ಣಮಾಪಕಕ್ಕೆ ಸ್ವಲ್ಪ ಬಣ್ಣ ಬಳಿದಿರಬಹುದೆಂದು ಚರಿತ್ರಕಾರರ ಅನುಮಾನ. ಇಬ್ಬರೂ ಅಲ್ಲಿ ಭೇಟಿಯಾದದ್ದು ಮಾತ್ರ ನಿಜ. 160 ಅಡಿ ಬೀಳುವ ನಯಾಗರದ ನೀರು ಡಿಗ್ರಿಯ ಐದನೆಯ ಒಂದು ಭಾಗದಷ್ಟು ಬಿಸಿಯಾಗಬೇಕೆಂದು ಜೂಲ್ 1845ರಲ್ಲಿಯೇ ಬರೆದಿದ್ದನು. ನಮ್ಮ ಗೋಕಾಕ ಜಲಪಾತದ ಎತ್ತರ ಸುಮಾರು 170 ಅಡಿ. ಘಟಪ್ರಭೆಗೂ ಹೆಚ್ಚುಕಡಮೆ ಅಷ್ಟೇ ಲೆಕ್ಕ ಸಲ್ಲುತ್ತದೆ. 830 ಅಡಿಯ ಜೋಗಕ್ಕೆ ಬಂದರೆ ಒಂದು ಡಿಗ್ರಿಗಿಂತ ತುಸು ಹೆಚ್ಚು. ಆತ ನಮ್ಮ ನಾಡಿಗೆ ಬಂದಿದ್ದರೆ ಜೋಗವು ಅವನಿಗೆ ಹೇಳಿಮಾಡಿಸಿದ ಉಪಕರಣವಾಗುತ್ತಿತ್ತು. ಬೀಳುವ ನೀರು ಗಾಳಿಯಲ್ಲಿ ಆವಿಯಾಗಿ ತಣಿಯುವುದರಿಂದ ಅಳತೆ ಮಾತ್ರ ಕೈಗೆ ಸಿಗುತ್ತಿರಲಿಲ್ಲವೆಂಬುದು ಬೇರೆ ಮಾತು. ಆಲ್ಪ್ಸ್‌ನಲ್ಲಿಯೂ ಹೀಗೆಯೇ ಆಯಿತು; ನೀರೆಲ್ಲ ತುಂತುರಾಗಿ ಚೆದುರುತ್ತಿತ್ತು.

ಆದುದರಿಂದ ಜಲಪಾತವನ್ನು ನೆಲಮಾಳಿಗೆಗೆ ತರಬೇಕಾಯಿತು. ಅವನ ಅತ್ಯಂತ ಪ್ರಸಿದ್ಧ ಪ್ರಯೋಗ ಇದೇ. ತಾಮ್ರದ ಪಾತ್ರೆಯಲ್ಲಿ ನೀರು. ಅದರೊಳಗೆ ಹಿತ್ತಾಳೆಯ ರೆಕ್ಕೆಗಳು, ಮಜ್ಜಿಗೆ ಕಡೆಯುವ ಕಡೆಗೋಲಿನಂತೆ. ಕಡೆಗೋಲಿನ ಹಗ್ಗದ ಎರಡು ತುದಿಗಳಿಗೆ ತಲಾ 29 ಪೌಂಡಿನ ಸೀಸದ ಗುಂಡುಗಳು. ಗುಂಡುಗಳು ಸುಮಾರು 63 ಅಂಗುಲ ಇಳಿಯುವಾಗ ರೆಕ್ಕೆಗಳು ನೀರನ್ನು ಕಡೆಯುತ್ತವೆ. ಮತ್ತೆ ಗುಂಡುಗಳನ್ನು ಮೇಲಕ್ಕೆ ಸುತ್ತಿ ಬಿಡಬೇಕು. ಹೀಗೆ ಇಪ್ಪತ್ತು ಸಲ. ಇಷ್ಟೆಲ್ಲ ಮಾಡಿದ ಮೇಲೆ ನೀರಿನ ತಾಪಮಾನ ಏರುತ್ತಿದ್ದುದು ಫ್ಯಾರನ್‌ಹೀಟಿನ ಅರ್ಧ ಡಿಗ್ರಿಗೆ ತುಸು ಹೆಚ್ಚು! ಪ್ರಯೋಗಮಾಡುವವನ ಮೈಬಿಸಿಯೇ ಇದನ್ನು ಕೆಡಿಸಬಲ್ಲದಾದ್ದರಿಂದ ನಡುವೆ ಮರದ ತಡಿಕೆಯನ್ನು ನಿಲ್ಲಿಸಿದ್ದನು. ಮ್ಯಾಂಚೆಸ್ಟರಿನ ಡಾನ್ಸರ್ ಎಂಬ ಕುಶಲಕರ್ಮಿಯು ಮಾಡಿಕೊಟ್ಟ ಉಷ್ಣಮಾಪಕದಲ್ಲಿ ಡಿಗ್ರಿಯ ಇನ್ನೂರನೆಯ ಒಂದು ಭಾಗವನ್ನು ಕಣ್ಣಂದಾಜಿನಿಂದ ಓದುತ್ತಿದ್ದನು. ಒಂದು ಸಲವಲ್ಲ, ನಾಲ್ವತ್ತು ಸಲ ಪ್ರಯೋಗ ನಡೆಯಿತು. ಇಪ್ಪತ್ತನೆಯ ಶತಮಾನದ ಕೊನೆಗೆ ಜರ್ಮನಿಯ ವಿಜ್ಞಾನೇತಿಹಾಸಕಾರರು ಅದೇ ಮಾದರಿಯ ಉಪಕರಣವನ್ನು ಕಟ್ಟಿ ಅದೇ ಪ್ರಯೋಗಕ್ಕೆ ಕೈಹಾಕಿದರು. ಸಂಖ್ಯೆಯನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಭಟ್ಟಿಯಲ್ಲಿ ಬೆಳೆದ ಕಣ್ಣು ಕೈಗಳು ಅವರಿಗಿರಲಿಲ್ಲ.

ನನ್ನ ಕೋಷ್ಟಕದ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಕಾಯುವುದು ನೀರೊಂದೇ ಅಲ್ಲ; ತಾಮ್ರದ ಪಾತ್ರೆಯೂ ಹಿತ್ತಾಳೆಯ ರೆಕ್ಕೆಗಳೂ ಕಾಯುತ್ತವೆ. ಅವು ನುಂಗಿದ ಉಷ್ಣವನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಆದುದರಿಂದ ಜೂಲ್ ಅವುಗಳ ತೂಕವನ್ನು ಅವುಗಳ ವಿಶಿಷ್ಟೋಷ್ಣದಿಂದ ಗುಣಿಸಿ, ಇಷ್ಟು ತಾಮ್ರವು ಇಷ್ಟು ನೀರಿಗೆ ಸಮಾನವೆಂದು ಎಲ್ಲವನ್ನೂ ನೀರಾಗಿ ಪರಿವರ್ತಿಸಿಕೊಂಡನು. ಹತ್ತು ಪೌಂಡು ತಾಮ್ರವೆಂದರೆ ಒಂದು ಪೌಂಡಿಗೂ ಕಡಮೆ ನೀರು.

ನಾಲ್ವತ್ತು ಪ್ರಯೋಗಗಳ ಸರಾಸರಿ 772 ಪೌಂಡು-ಅಡಿ. ನೀರಿನ ಬದಲು ಪಾದರಸವನ್ನು ಕಡೆದಾಗ 774. ಎರಕದ ಕಬ್ಬಿಣವನ್ನು ಕಬ್ಬಿಣಕ್ಕೆ ಉಜ್ಜಿದಾಗ 775. ಚದುರಿದ್ದ ಸಂಖ್ಯೆಗಳು ಒಂದೆಡೆ ಬಂದು ನಿಂತವು. 1849ರಲ್ಲಿ ಈ ಪ್ರಬಂಧವನ್ನು ಮೈಕೆಲ್ ಫ್ಯಾರಡೆ ರಾಯಲ್ ಸೊಸೈಟಿಯ ಮುಂದಿಟ್ಟನು. ಮರುವರ್ಷ ಅದು ಅಚ್ಚಾಯಿತು, ಜೂಲ್ ಆ ಸಂಸ್ಥೆಯ ಸದಸ್ಯನಾಗಿ ಆಯ್ಕೆಯಾದನು. ಆದರೂ ಒಂದು ಮುಳ್ಳು ಉಳಿಯಿತು. ಘರ್ಷಣೆಯೆಂದರೆ ಕೆಲಸವು ಉಷ್ಣವಾಗಿ ಮಾರ್ಪಡುವುದೇ ಆಗಿದೆ ಎಂಬ ಮೂರನೆಯ ನಿರ್ಣಯವನ್ನು ಆತ ಪ್ರಬಂಧದ ಕೊನೆಗೆ ಬರೆದಿದ್ದನು. ಪರೀಕ್ಷಕರ ಸಮಿತಿಯ ಇಚ್ಛೆಯಂತೆ ಅದನ್ನು ತೆಗೆದುಹಾಕಬೇಕಾಯಿತು. ಸಂಖ್ಯೆ ಇರಲಿ, ಅರ್ಥ ಬೇಡವೆಂದಂತಾಯಿತು. ಪರರ ಬರಹವನ್ನು ತಿದ್ದುವವನ ಕೈಯಲ್ಲಿ ಎಂಥ ಅಧಿಕಾರವಿರುತ್ತದೆಂಬುದನ್ನು ಓದುತ್ತ ನನಗೆ ನನ್ನ ಕೆಂಪು ಲೇಖನಿಯ ನೆನಪಾಯಿತು.

ಈ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಅವನನ್ನು ಮರೆತರೆ ಅನ್ಯಾಯ. ಜರ್ಮನಿಯ ವೈದ್ಯ ಯೂಲಿಯಸ್ ರಾಬರ್ಟ್ ಮೇಯರ್ ಹಡಗಿನ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋದಾಗ, ನಾವಿಕರ ರಕ್ತನಾಳದಲ್ಲಿ ಹರಿಯುವ ಮಲಿನ ರಕ್ತವೂ ಕೆಂಪಾಗಿರುವುದನ್ನು ಕಂಡು, ಉಷ್ಣವಲಯದಲ್ಲಿ ಮೈಯನ್ನು ಬೆಚ್ಚಗಿಡಲು ಕಡಮೆ ದಹನ ಸಾಕೆಂದು ತರ್ಕಿಸಿ, ಅಲ್ಲಿಂದ ಉಷ್ಣ ಮತ್ತು ಕೆಲಸಗಳ ಸಮಾನತೆಗೆ ಬಂದನು. 1842ರಲ್ಲಿ, ಜೂಲನಿಗಿಂತ ಒಂದು ವರ್ಷ ಮುಂಚೆ, ತನ್ನ ಸಂಖ್ಯೆಯನ್ನು ಪ್ರಕಟಿಸಿದನು. ಅವನು ಕಡೆಗೋಲು ಹಿಡಿಯಲಿಲ್ಲ. ಗಾಳಿಯನ್ನು ಹಿಗ್ಗಗೊಟ್ಟು ಕಾಯಿಸಿದಾಗಿನ ವಿಶಿಷ್ಟೋಷ್ಣ ಹೆಚ್ಚು, ಹಿಗ್ಗಗೊಡದೆ ಕಾಯಿಸಿದಾಗಿನದು ಕಡಮೆ. ಈ ವ್ಯತ್ಯಾಸವೇ ಹಿಗ್ಗುವ ಕೆಲಸಕ್ಕೆ ತಗುಲಿದ ಉಷ್ಣವೆಂದು ಹಾಳೆಯ ಮೇಲೆ ಲೆಕ್ಕ ಮಾಡಿದನು. ನೀರು 365 ಮೀಟರು ಬಿದ್ದರೆ ಒಂದು ಸೆಂಟಿಗ್ರೇಡ್ ಡಿಗ್ರಿ ಕಾಯುತ್ತದೆಂಬ ಉತ್ತರ ಬಂದಿತು. ಈಗ ತಿಳಿದಿರುವುದು 427. ತರ್ಕ ಸರಿ, ಆ ಕಾಲದ ಕೋಷ್ಟಕಗಳಲ್ಲಿದ್ದ ವಿಶಿಷ್ಟೋಷ್ಣದ ಬೆಲೆಗಳು ತಪ್ಪು. ಮೊದಲಿಗನಾರೆಂಬ ವಿವಾದ ವರ್ಷಗಟ್ಟಲೆ ನಡೆಯಿತು. ಮನನೊಂದ ಮೇಯರ್ 1850ರಲ್ಲಿ ಕಿಟಕಿಯಿಂದ ಧುಮುಕಿ ಪ್ರಾಣ ಕಳೆದುಕೊಳ್ಳಲೆಳಸಿದನು, ಬದುಕಿಕೊಂಡನು. ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕವನ್ನು 1870ರಲ್ಲಿ ಜೂಲನಿಗೂ 1871ರಲ್ಲಿ ಮೇಯರನಿಗೂ ಕೊಟ್ಟಿತು. ನನ್ನ ತೀರ್ಪು ಕೇಳಿದರೆ, ಕಂಡವನು ಮೇಯರ್, ತೋರಿಸಿದವನು ಜೂಲ್.

ಜೂಲನ ಸಂಸಾರಸುಖ ಏಳು ವರ್ಷದ್ದು. 1854ರಲ್ಲಿ ಎಳೆಗೂಸೊಂದು ತೀರಿಕೊಂಡಿತು, ಅದೇ ವರ್ಷ ಹೆಂಡತಿಯೂ ತೀರಿಕೊಂಡಳು. ಒಬ್ಬ ಮಗ, ಒಬ್ಬ ಮಗಳು ಉಳಿದರು. ಭಟ್ಟಿಯೂ ಆ ವರ್ಷವೇ ಮಾರಾಟವಾಯಿತು. ಆತ ಮತ್ತೆ ಮದುವೆಯಾಗಲಿಲ್ಲ. ಥಾಮ್ಸನನೊಡನೆ ಕೂಡಿ 1852ರಿಂದ ಹತ್ತು ವರ್ಷ ನಡೆಸಿದ ಅನಿಲಗಳ ಪ್ರಯೋಗಗಳೇ ಆ ಕಾಲದ ಅವನ ಮುಖ್ಯ ಕಾರ್ಯ. ಒತ್ತಡದಲ್ಲಿರುವ ಅನಿಲವು ಸಣ್ಣ ರಂಧ್ರಗಳ ಮೂಲಕ ಹಾಯ್ದು ಹಿಗ್ಗಿದಾಗ ಸಾಮಾನ್ಯವಾಗಿ ತಣ್ಣಗಾಗುತ್ತದೆಂದು ಇಬ್ಬರೂ ಕಂಡರು. ಮುಂದೆ ಗಾಳಿಯನ್ನೇ ದ್ರವವಾಗಿಸುವ ಯಂತ್ರಗಳು ಅದರಿಂದ ಹುಟ್ಟಿದವು. ಒಬ್ಬನು ಗ್ಲಾಸ್ಗೋದಲ್ಲಿ, ಒಬ್ಬನು ಮ್ಯಾಂಚೆಸ್ಟರಿನಲ್ಲಿ. ಗೆಳೆತನ ಬಹುಮಟ್ಟಿಗೆ ಕಾಗದಗಳಲ್ಲಿ ನಡೆಯಿತು.

ಕೊನೆಗಾಲದಲ್ಲಿ ಐಶ್ವರ್ಯ ಕರಗಿತು. 1878ರಲ್ಲಿ ಸರಕಾರ ವರ್ಷಕ್ಕೆ 200 ಪೌಂಡಿನ ಮಾಸಾಶನವನ್ನು ಗೊತ್ತುಮಾಡಿತು. ಅದೇ ವರ್ಷ, ಅರುವತ್ತನೆಯ ವಯಸ್ಸಿನಲ್ಲಿ, ಮತ್ತೆ ನೀರನ್ನು ಕಡೆದು ಮುಗಿಸಿ 772.55 ಎಂಬ ಕೊನೆಯ ಸಂಖ್ಯೆಯನ್ನು ಪ್ರಕಟಿಸಿದನು. 1889ರ ಅಕ್ಟೋಬರ್ 11ರಂದು ಸೇಲ್ ಎಂಬ ಊರಿನಲ್ಲಿ ತೀರಿಕೊಂಡನು. ಅಲ್ಲಿನ ಬ್ರೂಕ್ಲೆಂಡ್ಸ್ ಶ್ಮಶಾನದಲ್ಲಿರುವ ಅವನ ಸಮಾಧಿಶಿಲೆಯ ಮೇಲ್ಭಾಗದಲ್ಲಿ 772.55 ಎಂದು ಕೆತ್ತಿದೆ. ವೀರಗಲ್ಲುಗಳ ಮೇಲೆ ಸೂರ್ಯಚಂದ್ರರನ್ನು ಕಂಡಿದ್ದೇನೆ. ದಶಾಂಶ ಬಿಂದುವನ್ನು ಹೊತ್ತ ಕಲ್ಲನ್ನು ಬೇರೆಲ್ಲಿಯೂ ಕಾಣೆ.

ಆ ಸಂಖ್ಯೆಯಿಂದ ನನ್ನ 4186ಕ್ಕೆ ಹೋಗುವ ದಾರಿಯನ್ನು ವಿದ್ಯಾರ್ಥಿಗಳಿಗಾಗಿ ಬರೆಯುತ್ತೇನೆ. ನನಗೆ ಇದನ್ನು ಹೇಳಿಕೊಟ್ಟವನು ಕೊನೆಗೆ ನನ್ನ ಅಳಿಯನೇ. ಒಂದು ಪೌಂಡು ನೀರು 772.55 ಅಡಿ ಬಿದ್ದರೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಾಯುತ್ತದೆ. ಎರಡು ಪೌಂಡು ಬಿದ್ದರೂ ಅಷ್ಟೇ. ಆದುದರಿಂದ ತೂಕ ಲೆಕ್ಕದಿಂದ ಜಾರಿ, ಎತ್ತರವೊಂದೇ ಉಳಿಯುತ್ತದೆ. ಒಂದು ಸೆಂಟಿಗ್ರೇಡ್ ಡಿಗ್ರಿ ಎಂದರೆ 1.8 ಫ್ಯಾರನ್‌ಹೀಟ್ ಡಿಗ್ರಿ. ಗುಣಿಸಿದರೆ ಸುಮಾರು 1390 ಅಡಿ. ಅದನ್ನು ಮೀಟರಿಗೆ ತಂದರೆ ಸುಮಾರು 424. ಭೂಮಿಯ ಸೆಳೆತದ 9.81ರಿಂದ ಗುಣಿಸಿದರೆ 4158. ಇದೇ ಜೂಲನ ಕೈಯಿಂದ ಹೊರಟ, ಒಂದು ಕಿಲೋಗ್ರಾಂ ನೀರಿಗೆ ಒಂದು ಡಿಗ್ರಿಗೆ ಬೇಕಾಗುವ ಜೂಲ್‌ಗಳ ಸಂಖ್ಯೆ. ಇಂದಿನ 4186ಕ್ಕೂ ಇದಕ್ಕೂ ನೂರಕ್ಕೆ ಮುಕ್ಕಾಲು ಭಾಗದ ವ್ಯತ್ಯಾಸವೂ ಇಲ್ಲ. ಆ ಅಲ್ಪ ವ್ಯತ್ಯಾಸಕ್ಕೆ ಪಾದರಸದ ಉಷ್ಣಮಾಪಕದ ದೋಷವೂ ಒಂದು ಕಾರಣವೆಂದು ಅಮೆರಿಕದ ಹೆನ್ರಿ ರೋಲೆಂಡ್ ತೋರಿಸಿಕೊಟ್ಟನು. ನೀರಿನ ವಿಶಿಷ್ಟೋಷ್ಣವೇ ತಾಪಮಾನದೊಡನೆ ತುಸು ಬದಲಾಗುತ್ತದೆಂಬುದನ್ನೂ ಅವನು ಕಂಡನು. ಒಂದು ಕ್ಯಾಲೊರಿಗೆ ಕೆಲವು ಪುಸ್ತಕಗಳಲ್ಲಿ 4.184 ಜೂಲ್ ಎಂದೂ ಕೆಲವುಗಳಲ್ಲಿ 4.1868 ಎಂದೂ ಇರುವುದರ ಗುಟ್ಟು ಇದು. ಅಚ್ಚಿನ ತಪ್ಪಲ್ಲ, ಯಾರೂ ತಿದ್ದಬಾರದು.

ಇನ್ನು ಆ 1ರ ಮಾತು. ಒಂದು ಗ್ರಾಂ ನೀರನ್ನು ಒಂದು ಸೆಂಟಿಗ್ರೇಡ್ ಡಿಗ್ರಿ ಕಾಯಿಸುವ ಉಷ್ಣಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ಪೌಂಡು ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಕಾಯಿಸುವುದು ಬ್ರಿಟಿಷ್ ಉಷ್ಣಮಾನ. ಎರಡರ ಹೊಟ್ಟೆಯಲ್ಲಿಯೂ ನೀರೇ ಕುಳಿತಿರುವುದರಿಂದ ಎರಡರಲ್ಲಿಯೂ ನೀರಿಗೆ 1, ತಾಮ್ರಕ್ಕೆ 0.092, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಂಕಿ ಕದಲುವುದೇ ಇಲ್ಲ. ಜೂಲ್ ಎಂಬ ಮಾನಕ್ಕಾದರೋ ನೀರಿನ ಹಂಗಿಲ್ಲ. ಅದು ಭಾರ ಮತ್ತು ಎತ್ತರಗಳಿಂದ ಹುಟ್ಟಿದ್ದು. ಅದಕ್ಕೆ ಹೋಗಬೇಕಾದರೆ 4186ರಿಂದ ಗುಣಿಸಲೇಬೇಕು. ತಾಮ್ರ 385 ಆಗುವುದು ಹಾಗೆ. ಮಾನವಿಲ್ಲದ ಅಂಕಿ ವಿಭಕ್ತಿಪ್ರತ್ಯಯವಿಲ್ಲದ ನಾಮಪದದಂತೆ; ರಾಮ, ರಾವಣ, ಕೊಲ್ಲು ಎಂದಷ್ಟೇ ಬರೆದರೆ ಯಾರು ಯಾರನ್ನು ಕೊಂದರು? ಶಬ್ದಮಣಿದರ್ಪಣವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಇದು ಹೊಳೆಯದೆ ಹೋಯಿತು. ನಮ್ಮ ಹಿರಿಯರಿಗೆ ಈ ಎಚ್ಚರವಿತ್ತು. ಊರೂರಿಗೆ ಸೇರಿನ ಅಳತೆ ಬೇರೆಯಾಗಿದ್ದ ಕಾಲದಲ್ಲಿ ಯಾವ ಊರಿನ ಸೇರೆಂದು ಕೇಳದೆ ಅವರು ಕಾಳು ಅಳೆಸಿಕೊಳ್ಳುತ್ತಿರಲಿಲ್ಲ. 1958ರಿಂದ ಮೆಟ್ರಿಕ್ ತೂಕಗಳು ಬಂದು ಆ ಪ್ರಶ್ನೆಯೇ ನಮ್ಮ ಬಾಯಿಂದ ಮರೆಯಾಗಿದೆ.

ಮಾನಕ್ಕೆ ಜೂಲನ ಹೆಸರಿಡಬೇಕೆಂದು 1882ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದನು. ಆತ ತೀರಿಕೊಂಡ 1889ರಲ್ಲಿಯೇ ಪ್ಯಾರಿಸ್ಸಿನ ವಿದ್ಯುತ್ ಸಮ್ಮೇಳನ ಅದನ್ನು ಅಂಗೀಕರಿಸಿತು. ಉಷ್ಣವನ್ನೂ ಜೂಲ್‌ನಲ್ಲಿಯೇ ಅಳೆಯಬೇಕೆಂದು ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 1948ರಲ್ಲಿ ನಿರ್ಣಯಿಸಿತು. ಇಂದು ವಿಶಿಷ್ಟೋಷ್ಣದ ಮಾನ ಒಂದು ಕಿಲೋಗ್ರಾಮಿಗೆ ಒಂದು ಕೆಲ್ವಿನ್ನಿಗೆ ಇಷ್ಟು ಜೂಲ್ ಎಂದು. ಆಲ್ಪ್ಸ್ ದಾರಿಯಲ್ಲಿ ಎದುರುಬದುರಾದ ಇಬ್ಬರು ಗೆಳೆಯರೂ ಆ ಒಂದು ಮಾನದಲ್ಲಿ ಒಬ್ಬರ ಕೆಳಗೊಬ್ಬರು ಕುಳಿತಿದ್ದಾರೆ.

ಕಳೆದ ಸುಗ್ಗಿಯಲ್ಲಿ ಕರೋಶಿಗೆ ಹೋದಾಗ ನಾನೂ ಅಳಿಯನೂ ಗಾಣದ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಕಬ್ಬಿನ ಹಾಲಿನಲ್ಲಿ ಸಕ್ಕರೆ ಕರಗಿರುವುದರಿಂದ ಅದರ ವಿಶಿಷ್ಟೋಷ್ಣ ನೀರಿಗಿಂತ ತುಸು ಕಡಮೆ, ಸುಮಾರು 0.9. ಜೂಲ್‌ಗೆ ತಂದರೆ 3767. 30 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಒಂದು ಕಿಲೋಗ್ರಾಂ ಹಾಲಿಗೆ ಸುಮಾರು 2,63,700 ಜೂಲ್ ಬೇಕು. ಅಷ್ಟೇ ಶಕ್ತಿಯಿಂದ ಆ ಹಾಲನ್ನು ಮೇಲಕ್ಕೆತ್ತಿದರೆ ಸುಮಾರು 27 ಕಿಲೋಮೀಟರು, ಎಂದರೆ ಎವರೆಸ್ಟ್ ಶಿಖರದ ಮೂರು ಪಟ್ಟು ಎತ್ತರ. ಅದೂ ಕುದಿ ಬರುವವರೆಗಿನ ಲೆಕ್ಕವಷ್ಟೇ. ನೀರಿನಂಶ ಆವಿಯಾಗುವುದಕ್ಕೆ ಬೇಕಾಗುವ ಉಷ್ಣ ಇದಕ್ಕಿಂತ ಬಹಳ ಹೆಚ್ಚು. ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ತುರುಕುತ್ತಿದ್ದ ಮುದುಕನಿಗೆ ಅಳಿಯ ಇದನ್ನು ವಿವರಿಸಿದನು. ಮುದುಕ ನಮ್ಮ ಮುಖ ನೋಡಿ ನಕ್ಕು, ಇನ್ನೊಂದು ಹೊರೆ ಸಿಪ್ಪೆಯನ್ನು ಎಳೆದುಕೊಂಡನು.

ಕೈಪಿಡಿಯ ಉಳಿದ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಮನೆಗೆ ಬಂದ ಮೇಲೆ ಅಕ್ಕ ಮೈದಾಹಿಟ್ಟಿನ ಅಂಟು ಕಾಯಿಸಿಕೊಟ್ಟಳು. ನೀರಿಗೆ 4186, ಜೂಲ್ ಪ್ರತಿ ಕಿಲೋಗ್ರಾಮಿಗೆ ಪ್ರತಿ ಡಿಗ್ರಿಗೆ, ಎಂದು ಬರೆದ ಚೀಟಿಗಳನ್ನು ಅಳಿಯ ಕತ್ತರಿಸಿದನು, ನಾನು ಅಂಟಿಸಿದೆ. ಆಗಲೇ ಮಾರಾಟವಾಗಿದ್ದ ಪ್ರತಿಗಳು ಯಾರ ಯಾರ ಮನೆಯಲ್ಲಿವೆಯೋ ವಿಚಾರಿಸುತ್ತಿದ್ದೇನೆ. ಈ ವಾರ ಹೀರೇಕೋಡಿಯಿಂದ ಒಂದು ಬಂದಿತು.